ಅಪ್‌ಡೇಟ್: ಮಕ್ಕಳ ಜೊತೆ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ

ನಾಲ್ಕು ಮತ್ತು ಏಳು ವರ್ಷದ ಮಕ್ಕಳನ್ನು ಚಿಕ್ಕಮಗಳೂರಿನ ಬೆಟ್ಟಗಳಿಗೆ ಕರ್ಕೊಂಡು ಹೋಗ್ತಿದ್ದೇವೆ, ಘಾಟಿಯ ವಾಂತಿಗೆ, ಇಂಬಳಕ್ಕೆ (ರಕ್ತ ಹೀರುವ ಜಿಗಣೆ) ಏನು ಮಾಡೋದು ಅಂತ ಕೇಳಿದ್ದೆ. ಹೋಗಿಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಖಾಲಿ ಹೊಟ್ಟೆಯಲ್ಲಿ ಹೊರಡಿ ಅನ್ನೋ ಸಲಹೆ ನಮಗೆ ಆಗಿಬರಲಿಲ್ಲ. ದೊಡ್ಡವಳಿಗೆ ಸಂಕಟ ಜಾಸ್ತಿಯೇ ಆಯ್ತು. ಸ್ವಲ್ಪ ಇಡ್ಲಿ ತಿನ್ನಿಸಿ, ಮೊಬೈಲ್ ತೆಗೆದಿಟ್ಟು, ಕಿಟಕಿ ಇಳಿಸಿ, ದೂರದ ಗುಡ್ಡ ನೋಡಿಸಿ ಅಂದಿದ್ದರಲ್ಲ, ಅದು ಕೆಲಸ ಮಾಡಿತು.

ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಸರ್ಪದಾರಿ ಅನ್ನೋ ಚಾರಣದ ಹಾದಿ ಬಿಟ್ಟು ಮೆಟ್ಟಿಲಿನ ಕಡೆಯಿಂದಲೇ ಹತ್ತಿದೆವು. ಮಕ್ಕಳು ತುದಿಯ ಗುಡಿ ತನಕ ಆರಾಮಾಗಿ ನಡೆದರು. ಕಾಡಿದ್ದು ಗಾಳಿ. ಕಿವಿ ಮುಚ್ಚುವ ಟೋಪಿ ಮರೀಬೇಡಿ.

ಇಂಬಳ ಸಿಕ್ಕಿದ್ದು ಕೆಮ್ಮಣ್ಣುಗುಂಡಿಯಲ್ಲಿ, ಝಡ್ ಪಾಯಿಂಟ್ ಅನ್ನೋ ನೋಟದ ಜಾಗಕ್ಕೆ ಹೋಗುವ ದಾರಿಯಲ್ಲಿ. ಸಾಕ್ಸಿಗೆ ಸವರಿದ ಉಪ್ಪು ಒದ್ದೆ ಹುಲ್ಲಿಗೆ ತೊಳೆದೇ ಹೋಯ್ತು. ಹೊಗೆಸೊಪ್ಪಿನ ಪುಡಿ ಮಕ್ಕಳ ಮೈಗೆ ಬೇಡ ಅಂತ ಬಿಟ್ಟೆವು. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನೊಳಗೆ ಸಿಕ್ಕಿಸಿ, ಆಗಾಗ ನಿಂತು ಕಾಲು ನೋಡಿ ಅನ್ನೋ ಸಲಹೆಯೇ ಉಳಿಸಿತು. ಆದರೂ ಚಿಕ್ಕವನ ಹಿಮ್ಮಡಿ ಮೇಲೆ ಒಂದು ಕಚ್ಚಿತ್ತು. ಅವನಿಗೆ ನೋವೇ ಇಲ್ಲ! ಉಗುರಿನಿಂದ ಮೆಲ್ಲಗೆ ಸರಿಸಿದ ಮೇಲೂ ರಕ್ತ ನಿಲ್ಲಲಿಲ್ಲ, ನಾವು ಹೆದರಿದೆವು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತೆ, ಅದಕ್ಕೇ ಹಾಗಂತೆ. ಸೋಪಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದ ಮೇಲೆ ನಿಂತಿತು.

ಝಡ್ ಪಾಯಿಂಟ್ ತುದಿಯಲ್ಲಿ ಭಾರೀ ಪ್ರಪಾತ ಇದೆ. ಅಲ್ಲಿ ಮಕ್ಕಳ ಕೈ ಬಿಡಲೇಬೇಡಿ.