ಮಳೆಗಾಲದಲ್ಲಿ ಬೆಳಗಿನ ಜಾವ ಸುಮ್ಮಸುಮ್ಮನೆ ಹೊಡೆದುಕೊಳ್ಳುವ ಹೊಗೆ ಅಲಾರಂ

ಮುಚ್ಚಿಗೆ_ಮನೆ (ಹೊಸನಗರ ತಾಲ್ಲೂಕು)
ಹೆಂಚಿನ ಮನೆ, ಒಳಗೆ ಮರದ ಮುಚ್ಚಿಗೆ. ಬ್ಯಾಟರಿಯ ಹೊಗೆ ಅಲಾರಂ ಎರಡು ಇವೆ: ಒಂದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿನಲ್ಲಿ, ಇನ್ನೊಂದು ಮಲಗುವ ಕೋಣೆಯಲ್ಲಿ. ಮಳೆ ಹಿಡಿದ ಮೇಲೆ ಪ್ಯಾಸೇಜಿನದ್ದು ಬೆಳಗಿನ ಜಾವ ಜೋರಾಗಿ ಹೊಡೆದುಕೊಳ್ಳುತ್ತದೆ. ಎದ್ದು ನೋಡಿದರೆ ಹೊಗೆ ಇರುವುದಿಲ್ಲ. ಕೋಣೆಯದ್ದು ನಿಮಿಷಕ್ಕೊಮ್ಮೆ ‘ಚಿಕ್’ ಅನ್ನುತ್ತದೆ, ಹೊಸ ಬ್ಯಾಟರಿ ಹಾಕಿದರೂ ನಿಂತಿಲ್ಲ. ಮನೆಯವರು ಎರಡರ ಬ್ಯಾಟರಿಯನ್ನೂ ತೆಗೆದಿಡಿ ಅನ್ನುತ್ತಿದ್ದಾರೆ. ಅಟ್ಟದಲ್ಲಿ ಅಡಕೆ ಮೂಟೆಗಳಿವೆ, ಅಲ್ಲಿಗೂ ಒಂದು ಬೇಕು. ಯಾವ ತರಹದ್ದು ತಗೊಳ್ಳಲಿ?

ವೈರಿಂಗ್_ಸಾಗರ
ಬ್ಯಾಟರಿ ಮಾತ್ರ ತೆಗೆಯಬೇಡಿ ಸರ್. ಎರಡೂ ಬೇರೆ ಬೇರೆ ತೊಂದರೆ.

ಪ್ಯಾಸೇಜಿನದ್ದಕ್ಕೆ ಕಾರಣ ತೇವ. ಫೋಟೋಎಲೆಕ್ಟ್ರಿಕ್ ಅಲಾರಮ್ಮಿನ ಒಳಗೆ ಒಂದು ಕತ್ತಲೆ ಗೂಡು ಇರುತ್ತದೆ. ಒಂದು ಬದಿ ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದಂತೆ ಓರೆಯಾಗಿ ಕೂರಿಸಿದ ಸೆನ್ಸರ್. ಹೊಗೆ ಹೊಕ್ಕಾಗ ಬೆಳಕು ಚದುರಿ ಸೆನ್ಸರಿಗೆ ತಾಗುತ್ತದೆ, ಆಗ ಸೈರನ್ ಹೊಡೆಯುತ್ತದೆ. ಹಬೆಯ ಸಣ್ಣ ಹನಿಗಳೂ ಬೆಳಕನ್ನು ಹಾಗೇ ಚದುರಿಸುತ್ತವೆ. ಬೆಳಗಿನ ಜಾವ ಗಾಳಿ ತಂಪಾಗಿ ತೇವ ಹನಿಗಟ್ಟುವ ಹೊತ್ತಿಗೇ ಬಚ್ಚಲ ಹಂಡೆಯ ನೀರೂ ಕಾದು ಹಬೆ ಏಳುತ್ತದೆ. ಅಡುಗೆಮನೆ, ಬಚ್ಚಲು ಎರಡರಿಂದಲೂ ಕನಿಷ್ಠ 3 ಮೀಟರ್ ದೂರಕ್ಕೆ ಸರಿಸಿ. ಫ್ಯಾನಿನಿಂದ ಒಂದು ಮೀಟರ್ ದೂರವಿರಲಿ. ಗೋಡೆಗೆ ಹಾಕುವುದಾದರೆ ಅಲಾರಮ್ಮಿನ ಮೇಲಂಚು ಮುಚ್ಚಿಗೆಯಿಂದ 10ರಿಂದ 30 ಸೆಂ.ಮೀ. ಕೆಳಗಿರಲಿ. ಮೂಲೆಗೆ ಒತ್ತಿ ಹಾಕಬೇಡಿ, ಅಲ್ಲಿಗೆ ಹೊಗೆ ತಡವಾಗಿ ತಲುಪುತ್ತದೆ.

ಹಿಂಬದಿಯ ಲೇಬಲ್ ಓದಿ. ಅಮೆರಿಸಿಯಂ 241 ಎಂದೋ ವಿಕಿರಣದ ಚಿಹ್ನೆಯೋ ಇದ್ದರೆ ಅದು ಅಯಾನೈಸೇಶನ್ ಮಾದರಿ. ಒಗ್ಗರಣೆ ಹೊಗೆಗೆ ಬೇಗ ಕೂಗುತ್ತದೆ, ಹಾಸಿಗೆ, ಗೋಣಿಚೀಲ ಒಳಗೊಳಗೇ ಕಮರಿ ಹೊಗೆಯಾಡುವ ಬೆಂಕಿಗೆ ತಡ ಮಾಡುತ್ತದೆ. ನಮ್ಮ ಮನೆಗಳಿಗೆ ಫೋಟೋಎಲೆಕ್ಟ್ರಿಕ್ಕೇ ಸರಿ.

ಮುಚ್ಚಿಗೆ_ಮನೆ
ಲೇಬಲ್ ನೋಡಿದೆ, ಫೋಟೋಎಲೆಕ್ಟ್ರಿಕ್. ಆದರೆ ಹಂಡೆ ಒಲೆ ಹಚ್ಚದ ದಿನವೂ ಕೂಗಿದೆ.

ಮರಗೆಲಸ_ತೀರ್ಥಹಳ್ಳಿ
ಹಾಗಾದರೆ ಅಲಾರಂ ಬಿಚ್ಚಿ, ಅದರ ಹಿಂದೆ ಹಲಗೆಗಳ ಸಂದು ಇದೆಯಾ ನೋಡಿ. ಸಂದಿನ ಕೆಳಗೆ ಅಂಗೈ ಹಿಡಿದರೆ ತಣ್ಣನೆ ಗಾಳಿ ತಾಗುತ್ತದೆ. ಹೆಂಚಿನ ಕೆಳಗಿನ ಒದ್ದೆ ಗಾಳಿ ಅಲ್ಲಿಂದ ಇಳಿದು, ಅಲಾರಮ್ಮಿನ ಹಿಂಬದಿ ಪ್ಲೇಟಿನ ತೂತಿನ ಮೂಲಕ ನೇರ ಗೂಡಿಗೆ ಹೋಗುತ್ತದೆ. ಅಟ್ಟದ ಧೂಳನ್ನೂ ಹೊತ್ತು ತರುತ್ತದೆ. ಇನ್ನೊಂದು ಅಪಾಯವೂ ಇದೆ: ನಿಜವಾಗಿ ಬೆಂಕಿ ಬಿದ್ದಾಗ ಮೇಲಿಂದ ಬರುವ ಆ ಗಾಳಿ ಹೊಗೆಯನ್ನು ಆಚೆಗೆ ತಳ್ಳಬಹುದು.

12 ಮಿ.ಮೀ. ಪ್ಲೈವುಡ್ಡಿನಲ್ಲಿ ಅಲಾರಮ್ಮಿಗಿಂತ ಸುತ್ತ ಎರಡೆರಡು ಸೆಂ.ಮೀ. ದೊಡ್ಡದಾದ ತುಂಡು ಕತ್ತರಿಸಿ, ಹಿಂಬದಿಗೆ ಸಿಲಿಕಾನ್ ಸೀಲಂಟ್ ಬಳಿದು ಹಲಗೆಗೆ ಸ್ಕ್ರೂ ಹಾಕಿ. ಸೀಲಂಟ್ ಒಂದು ದಿನ ಒಣಗಲಿ, ಆಮೇಲೆ ಅದರ ಮೇಲೆ ಅಲಾರಂ ಕೂರಿಸಿ. ಪ್ಲೈವುಡ್ಡೂ ಸೀಲಂಟೂ ಅಲಾರಮ್ಮಿನ ಪಕ್ಕದ ಗಾಳಿಕಿಂಡಿ ಮುಚ್ಚದಿರಲಿ.

ವೈರಿಂಗ್_ಸಾಗರ
ಒಳ್ಳೆ ಮಾತು, ನಾನು ಅದನ್ನು ಕೇಳಲೇ ಇಲ್ಲ. ಸಂದು ಮುಚ್ಚಿ, ಜಾಗವನ್ನೂ ಬದಲಿಸಿ.

ಇನ್ನು ‘ಚಿಕ್’. ಮೊದಲು ತಯಾರಿಕೆಯ ದಿನಾಂಕ ನೋಡಿ. 10 ವರ್ಷ ದಾಟಿದ್ದರೆ ಸೆನ್ಸರ್ ಆಯುಸ್ಸು ಮುಗಿದಿದೆ, ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಹೊಸದೇ ಬೇಕು. ದಾಟಿಲ್ಲವಾದರೆ ಬ್ಯಾಟರಿ ತೆಗೆದು, ಟೆಸ್ಟ್ ಬಟನ್ 15–20 ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ, ಮತ್ತೆ ಹಾಕಿ. 9 ವೋಲ್ಟಿನದ್ದಾದರೆ ಆಲ್ಕಲೈನ್ ಹಾಕಿ, ರೀಚಾರ್ಜ್ ಆಗುವುದು ಬೇಡ. ಕ್ಲಿಪ್ಪಿನಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಿಂದ ಉಜ್ಜಿ. ಗಾಳಿಕಿಂಡಿಯಲ್ಲಿ ಜೇಡ, ಮಳೆಹುಳ ಸೇರಿದ್ದರೆ ವ್ಯಾಕ್ಯೂಮಿನ ಮೆತ್ತನೆ ಬ್ರಷ್ಷಿನಿಂದ ಎಳೆಯಿರಿ. ಸೊಳ್ಳೆ ಸ್ಪ್ರೇ ಹೊಡೆಯಬೇಡಿ, ಊದುಬತ್ತಿ ಹಿಡಿದು ಪರೀಕ್ಷೆಯನ್ನೂ ಮಾಡಬೇಡಿ; ಆ ಜಿಡ್ಡು ಒಳಗೆ ಅಂಟಿಕೊಳ್ಳುತ್ತದೆ.

ಅಟ್ಟಕ್ಕೆ ಹೊಗೆ ಅಲಾರಂ ಆಗಿಬರುವುದಿಲ್ಲ, ಅಡಕೆಯ ಧೂಳಿಗೇ ಕೂಗುತ್ತದೆ. 57–58 ಡಿಗ್ರಿ ಸೆಲ್ಸಿಯಸ್ಸಿಗೆ ಹೊಡೆಯುವ ಹೀಟ್ ಅಲಾರಂ ಹಾಕಿ. ಮನೆಬಳಕೆಯ ಹಲವು ಮಾದರಿಗಳನ್ನು 40 ಡಿಗ್ರಿವರೆಗಿನ ಜಾಗಕ್ಕಷ್ಟೇ ಮಾಡಿರುತ್ತಾರೆ. ಬೇಸಿಗೆಯಲ್ಲಿ ಹೆಂಚಿನಡಿ ಎಷ್ಟು ಕಾಯುತ್ತದೆ ಎಂದು ಅಳೆದು, ಅದನ್ನು ತಾಳುವಂಥದ್ದನ್ನೇ ಕೊಳ್ಳಿ. ಅದಕ್ಕೂ ಕೋಣೆಯ ಅಲಾರಮ್ಮಿಗೂ ವೈರ್‌ಲೆಸ್ ಇಂಟರ್‌ಲಿಂಕ್ (ಒಂದು ಹೊಡೆದರೆ ಇನ್ನೊಂದೂ ಹೊಡೆಯುವ ಜೋಡಣೆ) ಇರಲೇಬೇಕು. ಜಡಿಮಳೆಯ ಸದ್ದಿನಲ್ಲಿ ಅಟ್ಟದ ಸೈರನ್ ಕೆಳಗೆ ಕೇಳಿಸದು. ಹೀಟ್ ಅಲಾರಂ ಎಚ್ಚರಿಸುವುದು ತಡವಾಗಿ, ಹಾಗಾಗಿ ಮಲಗುವ ಕೋಣೆಗೆ ಅದು ಬೇಡ.

ಕೊಳ್ಳುವಾಗ ಅಂಗಡಿಯಲ್ಲಿ ‘ಸ್ಮೋಕ್ ಡಿಟೆಕ್ಟರ್’ ಎಂದಷ್ಟೇ ಕೇಳಬೇಡಿ. ಎರಡು ವೈರಿನ 24 ವೋಲ್ಟಿನ ಡಿಟೆಕ್ಟರ್ ಕೊಟ್ಟುಬಿಡುತ್ತಾರೆ. ಅದು ಆಫೀಸು, ಲಾಡ್ಜುಗಳ ಫೈರ್ ಅಲಾರಂ ಪ್ಯಾನೆಲ್ಲಿಗೆ ಜೋಡಿಸುವಂಥದ್ದು, ಮನೆಯಲ್ಲಿ ಒಂದನ್ನೇ ತೂಗುಹಾಕಿದರೆ ಸದ್ದೇ ಮಾಡುವುದಿಲ್ಲ. ಸೈರನ್ನೂ ಬ್ಯಾಟರಿಯೂ ಒಳಗೇ ಇರಬೇಕು, ಹೊಗೆ ಅಲಾರಮ್ಮಿನ ಡಬ್ಬಿಯ ಮೇಲೆ ಇಎನ್ 14604 (ಯುರೋಪಿನ ಗುಣಮಟ್ಟ) ಅಥವಾ ಯುಎಲ್ 217 (ಅಮೆರಿಕದ್ದು) ಎಂದಿರಬೇಕು.

ಮುಚ್ಚಿಗೆ_ಮನೆ
ಸಂದು ಇದೆ, ಬೆರಳ ತುದಿ ಹೋಗುವಷ್ಟು. ಪ್ಲೈವುಡ್ ಕತ್ತರಿಸಲು ಕೊಟ್ಟಿದ್ದೇನೆ. ಕೋಣೆಯ ಅಲಾರಮ್ಮಿನ ದಿನಾಂಕ 2013, ಅದನ್ನು ಬದಲಿಸುತ್ತೇನೆ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ, ಹೊಸದು ಅದಕ್ಕೂ ಆಗುತ್ತದಾ?

ವೈರಿಂಗ್_ಸಾಗರ
ಇಲ್ಲ. ನಿಗಿನಿಗಿ ಕೆಂಡದಲ್ಲಿ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಅಲಾರಂ ಅದನ್ನು ಗುರುತಿಸುವುದೂ ಇಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅಲಾರಂ ಬರುವವರೆಗೂ ಕಾಯಬೇಡಿ, ಅಗ್ಗಿಷ್ಟಿಕೆಯನ್ನು ಇವತ್ತೇ ಹೊರಗಿಡಿಸಿ. ಕೋಣೆ ಬೆಚ್ಚಗಿಡಲು ಎಣ್ಣೆ ತುಂಬಿದ ಕರೆಂಟ್ ಹೀಟರ್ ಸಾಕು. ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಬೇಡಿ.