ಪದಚರ್ಚೆ: ಬಫೆ ಮೇಜಿನ ಫಲಕಗಳಿಗೆ ಕನ್ನಡ – ‘ಟಿಪ್ಸ್’ಗೆ ಏನನ್ನೋಣ? ‘ಎಂಜಲು ತಟ್ಟೆ’ ಅನ್ನಬಹುದೆ? (ಗುರುವಾರದೊಳಗೆ ಬೇಕು)

ಸು.ರಾ., ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಹೋಟೆಲೊಂದರ ಬಫೆಗೆ ಐದು ಫಲಕ ಕನ್ನಡದಲ್ಲಿ ಬೇಕಾಗಿವೆ. ಗುರುವಾರ ಸಂಜೆ ಅಚ್ಚಿಗೆ ಹೋಗುತ್ತವೆ. ಮೇಜಿನ ಮೇಲೆ ನಿಲ್ಲಿಸುವ ಅಕ್ರಿಲಿಕ್ ಸ್ಟ್ಯಾಂಡು, ಎ5 ಅಳತೆ, ಅಡ್ಡಕ್ಕೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷು. ಕನ್ನಡಕ್ಕೆ ಸಿಗುವುದು ಎರಡೇ ಸಾಲು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಜಾಗ ಬಿಟ್ಟರೆ ಸಾಲಿಗೆ ಮೂರು ನಾಲ್ಕು ಪದ, ಅಷ್ಟೆ.

ಹೇಳಬೇಕಾದ್ದು ಇದು: ಎರಡನೇ ಸಲ ಬರುವಾಗ ಉಂಡ ತಟ್ಟೆ ತರಬೇಡಿ, ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹಾಕಬೇಡಿ, ತಟ್ಟೆಯಲ್ಲಿ ಬಿಟ್ಟರೆ ಹೆಚ್ಚು ಹಣ ಕೊಡಬೇಕಾದೀತು, ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಿಲ್ಲ, ಟಿಪ್ಸ್ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಡಬ್ಬಿ ಗಲ್ಲಾದ ಪಕ್ಕ ಇದೆ.

ಮೊದಲನೆಯದಕ್ಕೆ ‘ಎಂಜಲು ತಟ್ಟೆ ತರಬೇಡಿ’ ಎಂದು ಬರೆದು ಅಳಿಸಿದ್ದೇನೆ. ನಾಲ್ಕು ಮತ್ತು ಐದಕ್ಕೆ ‘ಸೇವಾ ಶುಲ್ಕ’, ‘ಭಕ್ಷೀಸು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ‘ಬಫೆ’ಗೇ ಒಂದು ಪದವಿದ್ದರೆ ತಿಳಿಸಿ.

ಕೆಂ.ನಾ., ಮಂಡ್ಯ

ಬಫೆ: ತಂಬಡಿಕೆ ಊಟ, ಅಂದರೆ ತಾವೇ ಬಡಿಸಿಕೊಳ್ಳುವುದು. ಟಿಪ್ಸ್: ಮೆಚ್ಚುಗಾಸು. ಸರ್ವಿಸ್ ಚಾರ್ಜ್: ಊಳಿಗದ ತೆರು. ‘ಸೇವಾ ಶುಲ್ಕ’ ಎರಡೂ ಸಂಸ್ಕೃತ, ‘ಭಕ್ಷೀಸು’ ಪಾರಸಿ. ಐದು ಫಲಕದಲ್ಲಿ ಕನ್ನಡ ಎಲ್ಲಿದೆ ಎಂದು ದುರ್ಬೀನು ಹಾಕಿ ಹುಡುಕಬೇಕು.

ಗ.ಶೆ., ಉಡುಪಿ

> ತಂಬಡಿಕೆ ಊಟ

ಓದಿದವರು ‘ತಾವೇ ಬಡಿದುಕೊಳ್ಳುವುದು’ ಎಂದುಕೊಂಡಾರು. ಬಡಿಸು ಬೇರೆ, ಬಡಿ ಬೇರೆ. ‘ಬಡಿಕೆ’ ಬರುವುದು ಎರಡನೆಯದರಿಂದ. ಅಷ್ಟಕ್ಕೂ ‘ತಾನು’ ಯಾಕೆ? ‘ಬಡಿಸಿಕೊಳ್ಳು’ವಿನ ‘ಕೊಳ್ಳು’ ಇರುವುದೇ ಅದಕ್ಕಲ್ಲವೆ? ಊಳಿಗದಲ್ಲಂತೂ ಜೀತದ ವಾಸನೆ. ತಿಂಗಳ ಸಂಬಳಕ್ಕೆ ದುಡಿಯುವ ಸಪ್ಲಯರ್ ಎದುರು ಆ ಫಲಕ ಇಡಬೇಡಿ.

ಸು.ರಾ. ಮೇಡಂ, ‘ಬಫೆ’ ಹಾಗೇ ಇರಲಿ. ‘ಬಫೆಟ್’ ಬೇಡ, ವಾರೆನ್ ಬಫೆಟ್ ನೆನಪಾಗುತ್ತಾರೆ. ‘ಸ್ವಸಹಾಯ ಪದ್ಧತಿ’ ಎಂದು ದರ್ಶಿನಿಗಳಲ್ಲಿ ಬರೆದಿರುತ್ತಾರಲ್ಲ, ಅದೂ ಬೇಡ. ಈಗ ಸ್ವಸಹಾಯ ಎಂದರೆ ಸಂಘ, ಸಾಲ, ವಾರದ ಕಂತು.

ಪದಕ್ಕಿಂತ ಮೊದಲು ಒಂದು ಮಾತು. ಜನ ಉಂಡ ತಟ್ಟೆಯನ್ನೇ ತರುವುದು ಹೆಚ್ಚಾಗಿ ಅಹಂಕಾರದಿಂದಲ್ಲ. ತೊಳೆದ ತಟ್ಟೆಗಳ ಅಟ್ಟಿ ಸಾಲಿನ ತಲೆಯಲ್ಲಿ ಮಾತ್ರ ಇರುತ್ತದೆ. ಎರಡನೇ ಸಲ ಬರುವವರಿಗೆ ಬೇಕಾದ್ದು ಸ್ವಲ್ಪ ಪಲ್ಯ, ಒಂದು ಸೌಟು ಮೊಸರನ್ನ. ಅದು ಸಾಲಿನ ಬಾಲದಲ್ಲಿದೆ. ತಟ್ಟೆಗೋಸ್ಕರ ತಲೆಗೆ ಹೋದರೆ ಸಾಲು ಮುರಿದು ನುಗ್ಗಿದಂತೆ ಕಾಣುತ್ತದೆ, ಹಿಂದಿನವರು ಗೊಣಗುತ್ತಾರೆ. ಹಾಗಾಗಿ ಕೈಯಲ್ಲಿದ್ದದ್ದನ್ನೇ ಒಡ್ಡುತ್ತಾರೆ. ಅನ್ನದ ಪಾತ್ರೆಯ ಬಳಿ, ಸಿಹಿಯ ಬಳಿ ಇನ್ನೆರಡು ಅಟ್ಟಿ ಇಡಿಸಿ, ಫಲಕವನ್ನು ಆ ಅಟ್ಟಿಯ ಪಕ್ಕ ನಿಲ್ಲಿಸಿ. ಚೇಫಿಂಗ್ ಡಿಶ್ (ಕೆಳಗೆ ಬತ್ತಿ ಉರಿಯುವ ಬಿಸಿಪಾತ್ರೆ) ಪಕ್ಕ ಇಟ್ಟರೆ ಮುಚ್ಚಳ ತೆಗೆದಾಗಲೆಲ್ಲ ಹಬೆ ಬಡಿದು ಅಕ್ರಿಲಿಕ್ ಮಸುಕಾಗುತ್ತದೆ, ಅಕ್ಷರ ಕಾಣಿಸುವುದಿಲ್ಲ.

ಕೆಡುವುದು ಸೌಟಿನಲ್ಲಿ. ಸಾರು ಬಗ್ಗಿಸುವಾಗ ಸೌಟಿನ ಅಂಚು ಕಲಸಿದ ಅನ್ನಕ್ಕೆ ತಾಗುತ್ತದೆ, ಅದೇ ಸೌಟು ಪಾತ್ರೆಗೆ ವಾಪಸು ಹೋಗುತ್ತದೆ. ಕೆಳಗಿನ ಬತ್ತಿ ಆರಿ ಸಾರು 60 ಡಿಗ್ರಿಗಿಂತ ಇಳಿದಿದ್ದರೆ ಬಾಯಿಂದ ಕೈಗೆ, ಕೈಯಿಂದ ಅನ್ನಕ್ಕೆ, ಅನ್ನದಿಂದ ಸೌಟಿಗೆ ಬಂದದ್ದೆಲ್ಲ ಅಲ್ಲಿ ಆರಾಮಾಗಿ ಬೆಳೆಯುತ್ತದೆ. ಸೌಟು ಅದಲುಬದಲಾದರೆ ಇನ್ನೊಂದು ಪೇಚು: ಕೋಳಿ ಸಾರಿನ ಸೌಟು ಸಾಂಬಾರಿಗೆ, ಗೋಡಂಬಿ ಕುರ್ಮಾದ್ದು ದಾಲಿಗೆ. ಗೋಡಂಬಿ ಒಗ್ಗದವರಿಗೆ ಅದು ಬರೀ ಮಡಿಯ ಪ್ರಶ್ನೆಯಲ್ಲ. ಎರಡನೇ ಫಲಕ ‘ಆಯಾ ಪಾತ್ರೆಗೆ ಅದರದೇ ಸೌಟು’, ಮುಗಿಯಿತು. ‘ದಯವಿಟ್ಟು’ ಹಾಕಿದರೆ ಮೊದಲ ಸಾಲು ಅದಕ್ಕೇ ಸರಿಹೋಗುತ್ತದೆ.

ಬ.ಹಿ., ಧಾರವಾಡ

ಸು.ರಾ. ಅವರೇ, ‘ಭಕ್ಷೀಸು’ ಅಂತ ಮಹಾಪ್ರಾಣ ಹಾಕಬ್ಯಾಡ್ರಿ. ಪಾರಸಿಯಲ್ಲಿ ಬಖ್ಷೀಶ್, ನಮ್ಮ ಕಡೆ ಬಕ್ಷೀಸು. ಆ ಭ-ಕಾರ ಭಕ್ಷ್ಯದ ನೆನಪಿನಿಂದ ಹತ್ತಿಕೊಂಡದ್ದು.

ಆದರ ಮಜಾ ಏನಂದ್ರ, ತಪ್ಪಿನೊಳಗೂ ಒಂದು ಸತ್ಯ ಅದ. ಪಾರಸಿಯ ‘ಬಖ್ಷ್’ ಮತ್ತು ಸಂಸ್ಕೃತದ ‘ಭಜ್’ ಒಂದೇ ಬೇರಿನವು. ಅರ್ಥ ಹಂಚು, ಪಾಲು ಕೊಡು. ‘ಭಕ್ಷ್’ ಅದೇ ಭಜ್‌ನ ಕೂಸು: ಪಾಲು ಪಡೆದು ಉಣ್ಣುವುದು. ಮೇಜಿನ ಮೇಲಿನ ಭಕ್ಷ್ಯ, ಡಬ್ಬಿಯೊಳಗಿನ ಬಕ್ಷೀಸು ದಾಯಾದಿಗಳು. ಬಫೆಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿಂದ ತರ್ತೀರಿ? ಇನ್ನು ‘ಟಿಪ್’ ಅಂದರೆ ಚುರುಕು ಸೇವೆಯ ಖಾತರಿಗೆ ಅನ್ನೋ ಮೂರು ಇಂಗ್ಲಿಷ್ ಪದದ ಮೊದಲಕ್ಷರ ಅನ್ನೋ ಕಥೆ ಯಾರೂ ತರಬ್ಯಾಡ್ರಿ. ಅದು ಆಮೇಲೆ ಹೊಸೆದದ್ದು. ಟಿಪ್ ಇಂಗ್ಲೆಂಡಿನ ಕಳ್ಳರ ಗುಪ್ತಭಾಷೆಯ ಪದ, ‘ದಾಟಿಸು, ಕೊಡು’ ಅಂತ ಅರ್ಥ.

ಮೀ.ದೇ., ಮೈಸೂರು

ಬ.ಹಿ. ಸರ್, ದಾಯಾದಿ ಸಂಬಂಧ ಸೊಗಸಾಗಿದೆ. ಆದರೆ ಬಕ್ಷೀಸು ಮೇಲಿನಿಂದ ಕೆಳಕ್ಕೆ ಬೀಳುವ ಹಣ. ದೊರೆ ಕೊಡುತ್ತಾನೆ, ಆಳು ಸಲಾಮು ಹೊಡೆಯುತ್ತಾನೆ. ಇನಾಮಿನದೂ ಅದೇ ಕಥೆ, ಮೈಸೂರು ರಾಜ್ಯ 1954ರಲ್ಲಿ ಕಾನೂನು ಮಾಡಿ ಇನಾಮು ಜಮೀನು ರದ್ದು ಮಾಡಿತು; ಹೋಟೆಲಿನಲ್ಲಿ ಮತ್ತೆ ಶುರು ಮಾಡುವುದು ಬೇಡ.

ಇನ್ಯಾರಾದರೂ ‘ಕೊಸರು’ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಕೊಸರು ಮಾರುವವರು ಕೊಳ್ಳುವವರಿಗೆ ಹಾಕುವುದು, ಇಲ್ಲಿ ದಿಕ್ಕು ಉಲ್ಟಾ. ‘ಕಾಣಿಕೆ’ ಅಂದರೆ ಗಲ್ಲಾದ ಪಕ್ಕದ ಡಬ್ಬಿ ಹುಂಡಿಯಾಗುತ್ತದೆ. ‘ತಟ್ಟೆಕಾಸು’ ಆರತಿ ತಟ್ಟೆಗೆ ಬಿದ್ದದ್ದು, ಅರ್ಚಕರಿಗೆ ಸೇರಿದ್ದು. ಬಫೆಯಲ್ಲಿ ಹಾಗೆ ಬರೆದರೆ ತಟ್ಟೆಯೊಂದಕ್ಕೆ ಎಷ್ಟು ಎಂಬ ದರಪಟ್ಟಿ ಅಂದುಕೊಳ್ಳುತ್ತಾರೆ.

ಗ.ಶೆ., ಉಡುಪಿ

‘ಕಾಫಿ ಕಾಸು’? ಟಿಪ್ಸಿಗೆ ಜರ್ಮನರ ಪದ, ಫ್ರೆಂಚರ ಪದ ಎರಡಕ್ಕೂ ಕುಡಿಯಲು ಕೊಟ್ಟ ಕಾಸು ಎಂದೇ ಅರ್ಥ.

ಮೀ.ದೇ., ಮೈಸೂರು

‘ಕಾಫಿಗೇನಾದ್ರೂ ಕೊಡಿ ಸಾರ್’ ಕಚೇರಿಯ ಮಾತು. ಬೇಡ.

ನಾ.ಐ., ಡಲ್ಲಾಸ್

ಪದದ ಗಡಿಬಿಡಿ ಯಾಕಾಗಿದೆ ಅಂದರೆ ಮೂರು ಬೇರೆ ಬೇರೆ ಹಣವನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಅಮೆರಿಕದಲ್ಲಿ ಟಿಪ್ ಬಕ್ಷೀಸೂ ಅಲ್ಲ, ಕಾಫಿ ಕಾಸೂ ಅಲ್ಲ, ಕೂಲಿಯ ಭಾಗ. ಕೇಂದ್ರ ಕಾನೂನಿನ ಪ್ರಕಾರ ಟಿಪ್ ಬರುವ ಕೆಲಸದವರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಟಿಪ್ ಸೇರಿ 7.25 ಆಗಬೇಕು, ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು. ಹಲವು ರಾಜ್ಯಗಳಲ್ಲಿ ದರ ಇದಕ್ಕಿಂತ ಹೆಚ್ಚಿದೆ, ಟೆಕ್ಸಾಸಿನಲ್ಲಿ ಇಷ್ಟೇ. ಬಡಿಸುವ ಹೋಟೆಲಿನಲ್ಲಿ ಬಿಲ್ಲಿನ 15ರಿಂದ 20 ಶೇಕಡಾ ವಾಡಿಕೆ. ಬಫೆಯಲ್ಲಿ ಸುಮಾರು 10, ಇಲ್ಲವೇ ತಲೆಗೆ ಒಂದೆರಡು ಡಾಲರ್. ‘ನಾವೇ ಹಾಕಿಕೊಂಡೆವಲ್ಲ, ಟಿಪ್ ಯಾಕೆ’ ಎಂದು ಊರಿಂದ ಬಂದವರು ಕೇಳುತ್ತಾರೆ. ನೀರು, ಪಾನೀಯ ತಂದುಕೊಟ್ಟವರು ಯಾರು? ನೀವು ಬೇರೆ ತಟ್ಟೆಗೆ ಎದ್ದಾಗಲೆಲ್ಲ ಹಳೆಯದನ್ನು ಎತ್ತಿದವರು ಯಾರು? ನಾಲ್ಕು ಸಲ ಎದ್ದರೆ ನಾಲ್ಕು ತಟ್ಟೆ. ಮೇಜಿನ ಮೇಲೇ ಬಿಡಿ, ಅಟ್ಟಿ ಕಟ್ಟಿ ಕೌಂಟರಿಗೆ ಒಯ್ಯಬೇಡಿ.

ಅಂದ ಹಾಗೆ ಬೇರೆ ತಟ್ಟೆ ಇಲ್ಲಿ ಬರೀ ಮರ್ಯಾದೆಯಲ್ಲ. ಆಹಾರ ಇಲಾಖೆಯ ಮಾದರಿ ನಿಯಮದಲ್ಲೇ ಇದೆ: ಬಳಸಿದ ತಟ್ಟೆ ಹಿಡಿದು ಮತ್ತೆ ಬಡಿಸಿಕೊಳ್ಳುವಂತಿಲ್ಲ. ಲೋಟಕ್ಕೆ ಮಾತ್ರ ವಿನಾಯಿತಿ.

ಸು.ರಾ., ಬೆಂಗಳೂರು

ಧನ್ಯವಾದ. ಆದರೆ ‘ಎಂಜಲು’ ಅನ್ನಬಹುದೇ ಎಂಬುದಕ್ಕೆ ಯಾರೂ ಉತ್ತರಿಸಿಲ್ಲ. ಇವತ್ತು ಬುಧವಾರ.

ಕೆಂ.ನಾ., ಮಂಡ್ಯ

ಅನ್ನಿ! ಅಚ್ಚಗನ್ನಡ ಪದ. ತಮಿಳಿನ ಎಚ್ಚಿಲ್, ತೆಲುಗಿನ ಎಂಗಿಲಿ, ನಮ್ಮ ಎಂಜಲು, ಎಲ್ಲ ಒಂದೇ ಬುಡ. ತಮಿಳಿನ ‘ಎಂಜು’ ಎಂದರೆ ಉಳಿ. ಎಂಜಲು ಎಂದರೆ ಮೊದಲು ಉಳಿದದ್ದು ಅಷ್ಟೆ, ಉಗುಳಿನ ಅರ್ಥ ಆಮೇಲೆ ಅಂಟಿದ್ದು. ಇಂಗ್ಲಿಷಿನಲ್ಲಿ ಐದು ಪದ ಬೇಕಾದ ಕಡೆ ನಮಗೆ ಒಂದು ಸಾಕು. ಇರುವ ಕನ್ನಡ ಬಿಡಿ, ಪಾರಸಿಯ ಪಾದ ಹಿಡಿಯಿರಿ!

ಮೀ.ದೇ., ಮೈಸೂರು

ಬುಡ ಸರಿ, ಬಳಕೆ ನೋಡಿ. ‘ಉಂಡ ತಟ್ಟೆ’ ತಟ್ಟೆಯ ಬಗ್ಗೆ ಹೇಳುತ್ತದೆ. ‘ಎಂಜಲು ತಟ್ಟೆ’ ಅದನ್ನು ಹಿಡಿದವರ ಬಗ್ಗೆ ಹೇಳುತ್ತದೆ. ಮನೆಯಲ್ಲಿ ಅಮ್ಮ ಮಗುವಿಗೆ ‘ಎಂಜಲು ಕೈ, ಮುಟ್ಟಬೇಡ’ ಅಂದರೆ ಗದರಿಕೆ. ಹೊರಗಿನವರು ದುಡ್ಡು ಕೊಟ್ಟು ಉಣ್ಣುವವರಿಗೆ ಅಂದರೆ ಬೈಗುಳ. ಈ ನಾಡಿನಲ್ಲಿ ಯಾರ ಎಂಜಲು ಪ್ರಸಾದ, ಯಾರದು ಮೈಲಿಗೆ ಎಂಬುದು ಜಾತಿ ನೋಡಿ ತೀರ್ಮಾನವಾಗಿತ್ತು. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನದ ಜಗಳ ಹಳೆಯದೇನಲ್ಲ. ಆ ಪದಕ್ಕೆ ‘ತರಬೇಡಿ’ ಸೇರಿಸಿ ಸಾಲಿನ ಎದುರು ನಿಲ್ಲಿಸಿದರೆ ಓದುವವರಿಗೆ ಆರೋಗ್ಯ ನೆನಪಾಗುವುದಿಲ್ಲ, ಪಂಕ್ತಿಭೇದ ನೆನಪಾಗುತ್ತದೆ.

‘ಮುಸುರೆ ತಟ್ಟೆ’ಯೂ ಆಗದು. ನಮ್ಮಲ್ಲಿ ಮುಸುರೆ ಅಂದರೆ ಬೆಂದ ಅನ್ನದ ಸೋಂಕು. ಅದನ್ನು ಕಟ್ಟುನಿಟ್ಟಾಗಿ ಹಿಡಿದರೆ ಬಫೆ ಮೇಜಿನ ಪ್ರತಿ ಸೌಟೂ ಮುಸುರೆ, ಉಂಡಿರಲಿ ಬಿಡಲಿ.

ನಿಷೇಧವನ್ನೇ ಬಿಡಿ. ‘ಮತ್ತೆ ಬಡಿಸಿಕೊಳ್ಳಲು ಬೇರೆ ತಟ್ಟೆ ತೆಗೆದುಕೊಳ್ಳಿ’. ‘ಹೊಸ ತಟ್ಟೆ’ ಅನ್ನಬೇಡಿ, ಅಂಗಡಿಯಿಂದ ತಂದದ್ದು ಅನ್ನಿಸುತ್ತದೆ. ‘ಶುಚಿಯಾದ ತಟ್ಟೆ’ ಅಂದರೆ ಮಿಕ್ಕವು ಶುಚಿಯಾಗಿಲ್ಲವೇ ಎಂಬ ಅನುಮಾನ. ‘ಬೇರೆ’ ಯಾರನ್ನೂ ಚುಚ್ಚುವುದಿಲ್ಲ.

ಬ.ಹಿ., ಧಾರವಾಡ

ತಟ್ಟೆ ಅಂದ್ರ ಎಲ್ಲಾರಿಗೂ ತಿಳೀತದ, ಸರಿ. ಇಲ್ಲಿ ಗಂಗಾಳ, ತಾಟು. ಕರಾವಳಿಯವರಿಗೆ ಬಟ್ಟಲು ಅಂದರೂ ಅದೇ. ಬಡಿಸಿಕೊಳ್ಳುವ ಸಾಲಿಗೆ ‘ಹಂತಿ’ ಅನ್ನಬಹುದಿತ್ತು, ಪಂಕ್ತಿಯ ತದ್ಭವ. ಆದರ ಇಲ್ಲೆ ಹಂತಿ ಅಂದ್ರ ಕಣದಾಗ ಸುತ್ತೋ ಎತ್ತಿನ ಸಾಲು. ಬಫೆಗೆ ಹೊಂದತದ ಬಿಡ್ರಿ.

ಕೆಂ.ನಾ., ಮಂಡ್ಯ

ಎಲ್ಲ ಭಾಷೆಯವರೂ ತಮ್ಮ ಪದ ಕಟ್ಟಿಕೊಳ್ಳುತ್ತಾರೆ, ನಾವು ಮಾತ್ರ ಎರವಲಿಗೆ ಕೈಯೊಡ್ಡುತ್ತೇವೆ. ಜಪಾನಿನವರು ಬಫೆಗೆ ಬಫೆ ಎಂದಷ್ಟೇ ಅನ್ನುತ್ತಾರೆಯೆ? ‘ಬೈಕಿಂಗು’ ಎಂದೂ ಅನ್ನುತ್ತಾರೆ.

ನಾ.ಐ., ಡಲ್ಲಾಸ್

ಬೈಕಿಂಗು ಅಂದರೆ ವೈಕಿಂಗ್, ಉತ್ತರ ಯುರೋಪಿನ ಹಳೆಯ ಕಡಲ್ಗಳ್ಳರ ಹೆಸರು. 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲ್ ಸ್ವೀಡನ್ನಿನ ಬಫೆ ಸ್ಮೋರ್ಗಾಸ್‌ಬೋರ್ಡ್ ನೋಡಿ ಶುರು ಮಾಡಿದಾಗ, ಆ ಹೆಸರು ನಾಲಿಗೆಗೆ ಹೊರಳದೆ ವೈಕಿಂಗ್ ಎಂದು ಇಟ್ಟಿತು. ಎರವಲಿನ ವಿರುದ್ಧ ಎರವಲನ್ನೇ ಸಾಕ್ಷಿಗೆ ಕರೆದಿದ್ದೀರಿ.

ಕೆಂ.ನಾ., ಮಂಡ್ಯ

ಸಾಕ್ಷಿ ನನ್ನದೇ. ಫ್ರೆಂಚರದನ್ನು ಎತ್ತಿ ನುಂಗಲಿಲ್ಲ, ಬೇಕಾದ್ದನ್ನು ತಾವೇ ಮಾಡಿಕೊಂಡರು.

ಗ.ಶೆ., ಉಡುಪಿ

ಜಪಾನಿನಲ್ಲಿ ಟಿಪ್ ಕೊಡುವ ರೂಢಿಯೂ ಇಲ್ಲ, ಐದನೇ ಫಲಕವೇ ಬೇಕಾಗುತ್ತಿರಲಿಲ್ಲ. ಕೆಲಸಕ್ಕೆ ಬರೋಣ.

‘ಸೇವಾ ಶುಲ್ಕ’ ಬೇಡ. ಅರ್ಧ ಜನ ಅದನ್ನು ಸೇವಾ ತೆರಿಗೆ ಅಂದುಕೊಳ್ಳುತ್ತಾರೆ. ಆ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯಲ್ಲಿ ಕರಗಿತು. ತೆರಿಗೆ ಸರ್ಕಾರಕ್ಕೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿಗೆ. ಟಿಪ್ಸ್ ಕೆಲಸದವರಿಗೆ. ಗಿರಾಕಿಗಳಿಗೆ ಬಿಲ್ಲಿನಲ್ಲಿ ಕಂಡು ಪರಿಚಯವಿರುವುದು ‘ಸರ್ವಿಸ್ ಚಾರ್ಜ್’, ಅದನ್ನೇ ಬರೆಯಿರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿ ಪ್ರಕಾರ ಹೋಟೆಲು ತಾನಾಗಿ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಕೆಂ.ನಾ. ಅವರ ಹೊಸ ಹೆಸರಿಗೆ ಕಾನೂನಿನ ಅಡ್ಡಿಯೂ ಇದೆ!

ಟಿಪ್ಸ್ ಟಿಪ್ಸೇ. ಬಹುವಚನದ ಸ್-ಕಾರ ಕನ್ನಡಕ್ಕೆ ಬಂದು ಏಕವಚನವಾಗಿ ಕೂತಿದೆ, ಚಿಪ್ಸಿನ ಹಾಗೆ. ‘ನಿಮ್ಮಿಷ್ಟ’ ಎಂದು ಬರೆದರೆ ಮುನಿಸಿಕೊಂಡವರ ದನಿ ಬರುತ್ತದೆ. ‘ಕಡ್ಡಾಯವಲ್ಲ’ ಮೇಲು. ಜೊತೆಗೆ ಡಬ್ಬಿಯ ಹಣ ಯಾರಿಗೆ ಎಂದು ಬರೆಯಿರಿ. ಬಫೆಯಲ್ಲಿ ಬಿಲ್ಲಿನ ಫೋಲ್ಡರಿನಲ್ಲಿ ಇಟ್ಟದ್ದು ಬಿಲ್ಲು ತಂದ ಸಪ್ಲಯರ್ ಜೇಬಿಗೆ ಹೋಗುತ್ತದೆ. ತಟ್ಟೆ ಎತ್ತಿದ ಕ್ಲೀನರ್‌ಗೆ, ದೋಸೆ ಕೌಂಟರಿನವರಿಗೆ ಬಿಡಿಗಾಸಿಲ್ಲ. ಡಬ್ಬಿ ಇಡುವುದೇ ಅದಕ್ಕೆ.

ಮೂರನೆಯದರಲ್ಲಿ ‘ದಂಡ’ ಬೇಡ, ದಂಡ ಹಾಕಲು ಹೋಟೆಲು ಪೊಲೀಸ್ ಠಾಣೆಯಲ್ಲ. ‘ಬೇಕಾದಷ್ಟೇ ಬಡಿಸಿಕೊಳ್ಳಿ. ಬಿಟ್ಟರೆ ಹೆಚ್ಚುವರಿ ದರ.’ ಕರಡು ತಿದ್ದುವಾಗ ಆ ‘ಷ್ಟೇ’ಯನ್ನು ಕಣ್ಣಿಟ್ಟು ನೋಡಿ. ಏತ್ವ ಬಿದ್ದು ‘ಬೇಕಾದಷ್ಟು ಬಡಿಸಿಕೊಳ್ಳಿ’ ಎಂದಾದರೆ ತಲೆಕೆಳಗು. ಜನ ಸಂತೋಷದಿಂದ ಪಾಲಿಸುತ್ತಾರೆ.

ಸು.ರಾ., ಬೆಂಗಳೂರು

ಅಚ್ಚಿಗೆ ಕೊಟ್ಟದ್ದು:

ಮತ್ತೆ ಬಡಿಸಿಕೊಳ್ಳಲು / ಬೇರೆ ತಟ್ಟೆ ತೆಗೆದುಕೊಳ್ಳಿ
ಆಯಾ ಪಾತ್ರೆಗೆ / ಅದರದೇ ಸೌಟು
ಬೇಕಾದಷ್ಟೇ ಬಡಿಸಿಕೊಳ್ಳಿ / ಬಿಟ್ಟರೆ ಹೆಚ್ಚುವರಿ ದರ
ಬಿಲ್ಲಿಗೆ ಸರ್ವಿಸ್ ಚಾರ್ಜ್ / ಸೇರಿಸಿಲ್ಲ
ಟಿಪ್ಸ್ ಕಡ್ಡಾಯವಲ್ಲ / ಡಬ್ಬಿಯ ಹಣ ಎಲ್ಲ ಕೆಲಸದವರಿಗೆ

ಹೋಟೆಲಿನವರು ಈಗ ಆರನೆಯದನ್ನು ಕೇಳುತ್ತಿದ್ದಾರೆ: ನೀರಿನ ಲೋಟಕ್ಕೂ ‘ಬೇರೆ’ ಅನ್ನಬೇಕೆ?

ಬ.ಹಿ., ಧಾರವಾಡ

ಎತ್ತಿ ಕುಡಿಯೋರಿಗೆ ಬ್ಯಾಡ, ಕಚ್ಚಿ ಕುಡಿಯೋರಿಗೆ ಬೇಕು. ಅದನ್ನ ಎರಡು ಸಾಲಿನಾಗ ಬರೀರಿ ನೋಡೋಣು.