ಬಿದಿರಿನ ಊರಾಗ ಪ್ಲಾಸ್ಟಿಕ್ ಬಿದಿರು

ಮೊನ್ನೆ ಸಂಜಿಮುಂದ ಟಿಳಕವಾಡಿ ಮೂರನೇ ಗೇಟ್ ಹತ್ರ ನಮ್ಮ ಕಾಯಂ ಚಹಾದಂಗಡ್ಯಾಗ ಕುಂತಿದ್ವಿ, ಮಳಿ ಒಂದ್ ಸವನ ಜಿಟಿಜಿಟಿ ಹಿಡದಿತ್ತು, ನಾ ಸುಮ್ನಿರಲಾರ್ದ ಹೊಸಾ ಅಪಾರ್ಟ್‌ಮೆಂಟಿನ ಬ್ರೋಷರ್ ತಗದು ಟೇಬಲ್ ಮ್ಯಾಲ ಇಟ್ಟೆ, ಅಲ್ಲಿಗೆ ನನ್ನ ಮರ್ಯಾದಿ ಮುಗೀತ್ ನೋಡ್ರಿ.

"ಇದ್ಯಾವ ದೇಶದ್ದಲೇ?" ಅಂದ ಪರ್ಸ್ಯಾ.

"ನಮ್ಮ ಊರಿಂದ. ನಾ ಬುಕ್ ಮಾಡೀನಲ್ಲ, ಅದ."

"ಸುಳ್ಳ ಹೇಳಬ್ಯಾಡ. ಆಕಾಶ ಇಷ್ಟ್ ನೀಲಿ ಐತಿ. ಜುಲೈದಾಗ ಬೆಳಗಾವಿ ಸೂರ್ಯ ರಜಾ ಮ್ಯಾಲ ಹೋಗಿರ್ತಾನ. ಮತ್ತ ಈ ನಾಯಿ ಹಿಡ್ಕೊಂಡ ಬಿಳೀ ಹೆಂಗಸು ಎಷ್ಟನೇ ಮಜಲಾ? ಮೆಂಟೆನನ್ಸ್ ಈಕೀನೂ ಕೊಡತಾಳೇನ?"

ಅಷ್ಟರಾಗ ನಮ್ಮ ಇಂಜಿನೀರ ಬ್ರೋಷರ್ ಕಸ್ಕೊಂಡ. ಇವಾ ಯಾವ ಬಿಲ್ಡಿಂಗ್ ನೋಡಿದ್ರೂ ಮೊದಲ ಬಿರುಕು ಹುಡಕಾಂವ, ಮದವಿ ಹಾಲಿನ್ಯಾಗ ಊಟ ಬಿಟ್ಟು ಬೀಮ್ ನೋಡಕೋತ ಕುಂದರತಾನ. "ರಾಯಲ್ ಪಾಮ್ ಹಚ್ಯಾರಲ್ಲೋ, ಕ್ಯೂಬಾ ಕಡೆ ಗಿಡ ಅದು. ದೊಡ್ಡದಾದ್ರ ಒಂದೊಂದ್ ಗರಿ ಹತ್ತ ಹದಿನೈದ ಕೆಜಿ ಇರ್ತೈತಿ, ಒಣಗಿ ಸೀದಾ ಕೆಳಗ ಬೀಳತೈತಿ. ಕೆಳಗ ಏನೈತಿ ನೋಡು ಪ್ಲಾನಿನ್ಯಾಗ."

ನೋಡಿದೆ. ವಿಸಿಟರ್ ಪಾರ್ಕಿಂಗ್.

"ಛಲೋ ಆತ್ ಬಿಡು," ಅಂದ ಪರ್ಸ್ಯಾ, "ಬೀಗರು ಬಂದಾಗ ಗಾಡಿ ಅಲ್ಲೇ ಹಚ್ಚಾಕ ಹೇಳು."

ಆ ಜಾಗಾದಾಗ ಮೊದಲ ಹಳೇ ಹಂಚಿನ ಮನಿ ಇತ್ತು, ಹಿತ್ತಲದಾಗ ಒಂದ್ ಹಲಸು, ಎರಡ್ ಮಾವು. ನಾವು ಮೂರೂ ಮಂದಿ ಆ ಮಾವಿನಕಾಯಿಗೆ ಕಲ್ಲ ಒಗದು ಬೈಸ್ಕೊಂಡವ್ರ. ಸೈಟಿನವಾ ಹೇಳಿದ್ದು ಏನಂದ್ರ, ಮಾವಿನ ಎಲಿ ಪೂಲಿನ್ಯಾಗ ಬೀಳತಾವು, ಹಕ್ಕಿ ಕಾರ್ ಹೊಲಸ ಮಾಡತಾವು. ಮತ್ತ ಈಗ ಕೆಳಗೆಲ್ಲಾ ಪಾರ್ಕಿಂಗು, ಗಾರ್ಡನ್ ಅದರ ಸ್ಲ್ಯಾಬ್ ಮ್ಯಾಲ, ಒಂದೂವರೆ ಫೂಟ್ ಮಣ್ಣಿನ್ಯಾಗ. "ಒಂದ್ ಫೂಟ್ ಹಸಿ ಮಣ್ಣ ಅಂದ್ರ ಚದರ ಮೀಟರಿಗೆ ಅರ್ಧ ಟನ್ ಮ್ಯಾಲ ಭಾರ," ಅಂದ ಇಂಜಿನೀರ, "ಮಾವಿನ ಗಿಡ ಬೇಕಂದ್ರ ಅದರ ಬೇರು ನಿನ್ನ ಕಾರಿನ ಸೀಟಿನ್ಯಾಗ ಬರತಾವು."

ಇಷ್ಟೊತ್ತನಕಾ ಸುಮ್ನ ಬನ್ ಅದ್ದಕೋತ ಕುಂತಿದ್ದ ಮಾಸ್ತರ ಕೇಳಿದ್ರು, "ನಮ್ಮ ಊರಿನ ಹಳೇ ಹೆಸರೇನು?"

"ವೇಣುಗ್ರಾಮ ಸರ್."

"ವೇಣು ಅಂದ್ರ?"

"ಬಿದಿರು ಸರ್." ಐವತ್ತ ವರ್ಷ ದಾಟಿದ್ರೂ ಅವ್ರ ಮುಂದ ನಮಗ ಏಳನೇತ್ತೇನ.

"ಹಂಗಾದ್ರ ನಿನ್ನ ಬಿಲ್ಡಿಂಗಿನ್ಯಾಗ ಬಿದಿರು ಎಲ್ಲೈತಿ?"

ಬಿಲ್ಡಿಂಗಿನ ಹೆಸರಿನ್ಯಾಗ ಬ್ಯಾಂಬೂ ಅಂತ ಐತಿ, ಮುಂದಿಂದ ಹೇಳಂಗಿಲ್ಲ, ಪೊಸೆಷನ್ ಇನ್ನೂ ಆಗಬೇಕು. ಸೈಟ್ ಆಫೀಸಿನ ಬಾಗಲಕ್ಕ ಎರಡೂ ಕಡೆ ಕುಂಡ್ಯಾಗ ಬಿದಿರ ಐತಿ, ಒಬ್ಬ ಹುಡುಗ ಹಸಿ ಅರಿವಿ ತಗೊಂಡು ಒಂದೊಂದ ಎಲಿ ಒರಸತಿದ್ದ, ಏನ್ ಕಾಳಜಿಪಾ ಇವ್ರದು ಅಂತ ಖುಷಿಯಾಗಿ ಮುಟ್ಟಿ ನೋಡಿದ್ರ ಪ್ಲಾಸ್ಟಿಕ್. ಎಲಿ ಹಿಂದ ರೇಟಿನ ಚೀಟಿ ಇನ್ನೂ ಹಂಗ ಇತ್ತು, 649.

ಇದನ್ನ ಹೇಳಬಾರದಿತ್ತು. ಪರ್ಸ್ಯಾ ನಕ್ಕು ನಕ್ಕು ಚಹಾ ಮೂಗಿಗೆ ಏರಿಸ್ಕೊಂಡ.

"ಲಾನ್ ಅಂತೂ ಖರೇ ಹುಲ್ಲಿಂದ," ಅಂದೆ ನಾ, "ಎರಡ್ ಗುಂಟೆ."

"ಎರಡ್ ಗುಂಟೆ ಅಂದ್ರ ಇನ್ನೂರ ಚದರ ಮೀಟರ್. ಬ್ಯಾಸಗ್ಯಾಗ ಮೀಟರಿಗೆ ದಿನಾ ಐದ್ ಲೀಟರ್ ಹಿಡಿ," ಇಂಜಿನೀರ ಬೆರಳ ಮಡಚಿದ, "ಸಾವಿರ ಲೀಟರ್. ಮೇ ತಿಂಗಳದಾಗ ರಾಕಸ್ಕೊಪ್ಪ ಡ್ಯಾಮಿನ ನೀರು ತಳ ಹಿಡದಾಗ ನೀವು ಟ್ಯಾಂಕರಿಗೆ ಫೋನ್ ಹಚ್ಚತೀರಿ, ಹುಲ್ಲು ಮಾತ್ರ ದಿನಾ ಜಳಕಾ ಮಾಡತೈತಿ."

ಮಾಸ್ತರ ಬನ್ ಕೆಳಗಿಟ್ರು. "ಬಿದಿರು ಹುಲ್ಲಿನ ಜಾತೀನ ನೋಡ್ರಿ. 1927ರ ಅರಣ್ಯ ಕಾಯ್ದೆದಾಗ ಅದನ್ನ ಮರ ಅಂತ ಬರದಿದ್ರು, 2017ರಾಗ ತಿದ್ದುಪಡಿ ಮಾಡಿ ಅದನ್ನ ಮರದ ಪಟ್ಟಿಯಿಂದ ತಗದ್ರು. ಬ್ರೋಷರಿನ್ಯಾಗ ಲಾನ್ ಅಂತ ಐತಿ, ಅಂದ್ರ ಹುಲ್ಲು. ಬಿದಿರ ಹಚ್ಚರಿ ಅನ್ನು, ಮಾತಿಗೂ ತಪ್ಪಲಿಲ್ಲ."

ಇಂಜಿನೀರಗ ಒಂದ್ ನಿಮಿಷ ಮಾತ ಬರಲಿಲ್ಲ. ಆಮ್ಯಾಲ ರೇರಾ ತಗದ, ಅಂದ್ರ ಬಿಲ್ಡರ್ ಮಂದಿಗೆ ಲಗಾಮ ಹಾಕೂ ಕಾಯ್ದೆ. ಮಂಜೂರಾದ ಪ್ಲಾನಿನ್ಯಾಗ ಕಾಮನ್ ಏರಿಯಾ ಬದಲ ಮಾಡಬೇಕಂದ್ರ ಬುಕ್ ಮಾಡಿದವ್ರಾಗ ಮೂರರಾಗ ಎರಡ ಪಾಲ ಮಂದಿ ಬರದು ಒಪ್ಪಬೇಕಂತ. ನಮ್ಮದು 36 ಫ್ಲ್ಯಾಟು, 24 ಸಹಿ ಬೇಕು. ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಗುಡ್ ಮಾರ್ನಿಂಗಿಗೆ ಯಾವ ಹೂವಿನ ಫೋಟೋ ಹಾಕಬೇಕು ಅನ್ನೂದಕ್ಕೂ ಇಪ್ಪತ್ನಾಕ ಮಂದಿ ಒಪ್ಪೂದಿಲ್ಲ.

"ಹಚ್ಚಿದ ಪಾಮ್ ಹೆಂಗದಾವು?" ಅಂದ್ರು ಮಾಸ್ತರ.

ಗೇಟ್ ಬಾಜೂಕ ಸ್ಯಾಂಪಲ್‌ಗೆ ನಾಕ ಹಚ್ಯಾರ. ಗಾಳಿಗೆ ಬೀಳಬಾರದಂತ ಒಂದೊಂದಕ್ಕ ಮೂರು ಹಸಿ ಬಿದಿರಿನ ಗಳ ನೆಲಕ್ಕ ಹುಗದು ಆಸರ ಕೊಟ್ಟಾರ. ಆಯಿತವಾರ ಹೋದಾಗ ಫೋಟೋ ಹೊಡದಿದ್ದೆ, ಮೊಬೈಲ್ ತಗದು ತೋರಿಸಿದೆ. ನಾಕೂ ಪಾಮ್ ಒಣಗಿ ಕಸಬರಗಿ ಆಗಿದ್ವು.

ಮಾಸ್ತರ ಕನ್ನಡಕ ಹಣಿಗೇರಿಸಿ ಫೋಟೋ ದೊಡ್ಡದ ಮಾಡಿದ್ರು, ಇನ್ನೂ ದೊಡ್ಡದ ಮಾಡಿದ್ರು. ಎರಡನೇ ಗಿಡದ ಆಸರದ ಗಳದಾಗ, ಗೆಣ್ಣಿನ ಹತ್ರ, ಹಸರ ಚಿಗುರು.

"ಛತ್ರಿ ತಗೋರಿ," ಅಂದ್ರು, ಅರ್ಧಾ ಚಹಾ ಅಲ್ಲೇ ಬಿಟ್ಟು ಎದ್ರು, "ಮಾಲಿ ಕಸ ಅಂತ ಕಿತ್ತಗಿತ್ತಾನ."